ಗಿರಾಕಿಯ ಲೋಟದಲ್ಲಿ ಕ್ಲೋರಿನ್: ಹೋಟೆಲ್ ತಪಾಸಣೆಯಲ್ಲಿ ನನ್ನ ಅನುಭವ

ಹೋಟೆಲಿನವರ ಕೈಯಿಂದಲೇ ಅವರ ಸಂಪಿನ ನೀರಿಗೆ ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಹಾಕಿಸುವುದು ನಡೆಯುವ ಕೆಲಸವಲ್ಲ ಅಂತ ಎಲ್ಲರೂ ಹೇಳಿದ್ದರು. "ಹೋಟೆಲಿನವರ ಕೈಗೆ ಬ್ಲೀಚಿಂಗ್ ಪೌಡರ್ ಕೊಟ್ಟು ನಂಬ್ತೀರಾ ಸಾರ್?" ಅಂದರು ಜೊತೆಯ ಆರೋಗ್ಯ ನಿರೀಕ್ಷಕರು. "ನಾವು ಟ್ಯಾಂಕಿನಲ್ಲೇ ಕ್ಲೋರಿನ್ ಹಾಕಿ ಬಿಡ್ತೀವಿ, ಮತ್ತೆ ನಿಮ್ಮದೇನು?" ಅಂದರು ನೀರಿನ ವಿಭಾಗದವರು. ಈಗ ಎರಡು ಮಳೆಗಾಲ ದಾಟಿದೆ. ನಮ್ಮ ಪುರಸಭೆಯ ಬಸ್ ಸ್ಟ್ಯಾಂಡ್ ಸುತ್ತಲಿನ ಹೋಟೆಲುಗಳಲ್ಲಿ ತಿಂಡಿ ಹೊತ್ತಿಗೆ ಲೋಟದ ನೀರಿಗೆ ಓ.ಟಿ. (ಆರ್ಥೊಟಾಲಿಡಿನ್, ಕ್ಲೋರಿನ್ ಇದ್ದರೆ ಹಳದಿಯಾಗುವ ದ್ರಾವಣ) ಹಾಕಿದರೆ ಹಳದಿ ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದಂಡ ಹಾಕಿ ನೋಡಿದೆವು. 2006ರ ಆಹಾರ ಸುರಕ್ಷತಾ ಕಾಯ್ದೆ 2011ರಲ್ಲಿ ಜಾರಿಗೆ ಬಂದ ಮೇಲೆ ಆಹಾರದ ಸ್ಯಾಂಪಲ್ ತೆಗೆಯುವ ಅಧಿಕಾರ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಹೋಯಿತು. ನಮ್ಮ ಕೈಲಿ ಉಳಿದದ್ದು ಉದ್ದಿಮೆ ಪರವಾನಗಿ, ಕಸ, ಚರಂಡಿ. ಐನೂರು, ಸಾವಿರ ಅಂತ ರಸೀದಿ ಹರಿದು ಒಂದು ವರ್ಷಕ್ಕೆ ಮೂವತ್ತು ಸಾವಿರದಷ್ಟು ವಸೂಲಾಯಿತು. ಮುಂದಿನ ವಾರ ಹೋದರೆ ಅದೇ ಡ್ರಮ್, ಅದೇ ಪಾಚಿ. ಆಮೇಲೆ ತರಬೇತಿ ಸಭೆ. ಬ್ಯಾನರ್, ಹಾಲ್ ಬಾಡಿಗೆ, ತಿಂಡಿ ಎಲ್ಲ ಸೇರಿ ಎಂಟೊಂಬತ್ತು ಸಾವಿರ ಖರ್ಚು. ಮಾಲೀಕರು ಬರಲೇ ಇಲ್ಲ, ಕ್ಯಾಷಿಯರುಗಳನ್ನು ಕಳಿಸಿದರು. ಆ ದುಡ್ಡು ನೀರಿಗೆ ಹಾಕಿದಂತಾಯಿತು.

ಆಗ ನೀರಿನ ದಾರಿಯನ್ನೇ ಹಿಡಿದು ನಡೆದೆ. ಓವರ್‌ಹೆಡ್ ಟ್ಯಾಂಕಿನ ಬಾಯಲ್ಲಿ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂಗಿಂತ ಮೇಲೆ ಸಿಗುತ್ತಿತ್ತು. ಹೋಟೆಲಿನ ಸಂಪಿಗೆ ಬೀಳುವ ನಲ್ಲಿಯಲ್ಲಿ 0.2, ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500 ಕೇಳುವ ಕನಿಷ್ಠ ಮಟ್ಟ. ಸಂಪಿನೊಳಗಿಂದ ಎತ್ತಿದರೆ ಬಣ್ಣವೇ ಇಲ್ಲ. ತಳದಲ್ಲಿ ನಾಲ್ಕು ಬೆರಳು ಕೆಸರು, ಆ ಕೆಸರೇ ಕ್ಲೋರಿನ್ ಎಲ್ಲ ತಿನ್ನುತ್ತಿತ್ತು. ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಮಧ್ಯೆ ಬೋರ್‌ವೆಲ್ ನೀರೂ ಅದಕ್ಕೇ ಬೀಳುತ್ತದೆ. ಮೊದಲ ಸುತ್ತಿನಲ್ಲಿ ನಲವತ್ತರ ಆಸುಪಾಸು ಹೋಟೆಲ್ ನೋಡಿದ ನೆನಪು. ಲೋಟದಲ್ಲಿ ಹಳದಿ ಬಂದದ್ದು ಐದಾರು ಕಡೆ ಮಾತ್ರ. "ಬಿಸಿನೀರು" ಅಂತ ಬೋರ್ಡ್ ಹಾಕಿದ ಡ್ರಮ್ಮಿನ ಕಥೆ ಇನ್ನೂ ಕೆಟ್ಟದ್ದು. ಕುದಿದ ನೀರಿಗೆ ಸಂಪಿನ ತಣ್ಣೀರು ಬೆರೆಸಿ ಬೆಚ್ಚಗೆ ಮಾಡುತ್ತಾರೆ, ಕುಡಿಯುವವನು ಕಾಯಿಸಿದ ನೀರೆಂದು ನಂಬುತ್ತಾನೆ. ನನಗೆ ನಿಜವಾಗಿ ಸಿಟ್ಟು ಬಂದದ್ದು ಅಲ್ಲಿ.

ನಾನು ಮಾಡಿದ್ದು ಇಷ್ಟು. ಸಂಪು ತೊಳೆಸಿ ತುಂಬಿಸಿದ ಮೇಲೆ ಆಯಾ ಹೋಟೆಲಿನ ನೀರಿಗೆ ಅಲ್ಲೇ, ಗಲ್ಲಾದ ಪಕ್ಕದ ಟೇಬಲ್ ಮೇಲೆ ಹಾರಾಕ್ಸ್ ಪರೀಕ್ಷೆ, ಅಂದರೆ ಆ ನೀರಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಬೇಕು ಅಂತ ತಿಳಿಸುವ ಪರೀಕ್ಷೆ. ನೀರು ತುಂಬಿದ ಆರು ಬಿಳಿ ಕಪ್ ಸಾಲಾಗಿ ಇಟ್ಟು, ಕಪ್‌ನಿಂದ ಕಪ್‌ಗೆ ಒಂದೊಂದು ಹನಿ ಹೆಚ್ಚಿಸುತ್ತ ಪೌಡರಿನ ದ್ರಾವಣ ಹಾಕಿ, ಅರ್ಧ ಗಂಟೆ ಕಾಯಬೇಕಲ್ಲ, ಆ ಅರ್ಧ ಗಂಟೆ ಯಜಮಾನರನ್ನು ಎದುರಿಗೆ ಕೂರಿಸಿಕೊಂಡೆ. ಇಂಡಿಕೇಟರ್ (ಕ್ಲೋರಿನ್ ಉಳಿದಿದ್ದರೆ ನೀಲಿ ತರುವ ದ್ರಾವಣ) ಬಿದ್ದಾಗ ಮೊದಲೆರಡು ಕಪ್ ಬೆಳ್ಳಗೇ ಉಳಿದು ಮೂರನೆಯದು ನೀಲಿಯಾದಾಗ ಅವರೇ ಬಗ್ಗಿ ನೋಡಿ, "ಹಾಗಾದ್ರೆ ಎಷ್ಟು ಹಾಕ್ಬೇಕು ಸಾರ್?" ಅಂತ ಕೇಳುತ್ತಾರೆ. ಯಾವ ನೋಟೀಸಿಗೂ ಆ ಪ್ರಶ್ನೆ ಬಂದಿರಲಿಲ್ಲ. ಮೂರನೇ ಕಪ್ ಅಂದರೆ 455 ಲೀಟರಿಗೆ 6 ಗ್ರಾಂ ಪೌಡರ್. ಐದು ಸಾವಿರ ಲೀಟರ್ ಸಂಪಿಗೆ 66 ಗ್ರಾಂ. ನಮ್ಮ ಕಡೆ ಕೆ.ಜಿ.ಗೆ 30 ರೂಪಾಯಿ ಅಂತ ಹಿಡಿದರೆ ರಾತ್ರಿಗೆ ಎರಡು ರೂಪಾಯಿ, ತಿಂಗಳಿಗೆ ಅರವತ್ತು. ಎರಡು ಮಸಾಲೆ ದೋಸೆಯ ದುಡ್ಡೂ ಆಗುವುದಿಲ್ಲ.

ಪೌಡರಿನ ವಿಷಯದಲ್ಲಿ ಮಾತ್ರ ತುಂಬ ಒದ್ದಾಡಿದೆ. ಹೊಸ ಮಾಲಿನಲ್ಲಿ ಶೇ. 33ರಷ್ಟು ಕ್ಲೋರಿನ್ ಇರಬೇಕು. ನಮಗೆ ಬಂದ ಒಂದು ಲೋಡಿನಲ್ಲಿ ಚೀಲ ಬಿಚ್ಚಿದರೆ ಮೂಗಿಗೆ ಏನೂ ಹೊಡೆಯಲಿಲ್ಲ, ಗಟ್ಟಿ ಹೆಂಟೆ, ಬರೀ ಸುಣ್ಣ. ಆರು ಕಪ್‌ಗಳಲ್ಲೂ ನೀಲಿ ಬರಲಿಲ್ಲ. ಆ ಚೀಲಗಳನ್ನು ಚರಂಡಿ ಬದಿಗೆ ಉದುರಿಸಿ, ಹೋಟೆಲಿಗೆ ಬೇಕಾದ್ದನ್ನು ಅವರವರ ದುಡ್ಡಿನಲ್ಲೇ ಸಣ್ಣ ಮುಚ್ಚಳದ ಡಬ್ಬಿಗಳಲ್ಲಿ ತರಿಸಿದೆ. ಡಬ್ಬಿ ಒಲೆಯಿಂದ ದೂರ, ನೆರಳಿನಲ್ಲಿ ಇರಬೇಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ಕೂತ ಮೇಲೆ ಮೇಲಿನ ತಿಳಿ ಮಾತ್ರ ಸಂಪಿಗೆ.

ದೊಡ್ಡ ತಕರಾರು ಕಾಫಿಯದು. "ಡಿಕಾಕ್ಷನ್‌ಗೆ ವಾಸನೆ ಹೊಡೆಯುತ್ತೆ, ಗಿರಾಕಿ ಎದ್ದು ಹೋಗ್ತಾನೆ." ಅದಕ್ಕೇ ಬೆಳಿಗ್ಗೆ ಹಾಕುವುದನ್ನು ಬಿಡಿಸಿ, ರಾತ್ರಿ ಬಾಗಿಲು ಹಾಕುವಾಗ ಹಾಕಿಸಿದೆ. ರಾತ್ರಿಯಿಡೀ ಕೆಲಸ ಮಾಡಿ ಬೆಳಿಗ್ಗೆ ಉಳಿಯುವುದು ಸ್ವಲ್ಪವೇ, ಅದೂ ಕುದಿಸಿದರೆ ಹೋಗುತ್ತದೆ. ಇದರ ಜೊತೆ ಇನ್ನೊಂದು ಚಿಕ್ಕ ಉಪಾಯವಿದೆ. ವಾಸನೆಯ ದೂರು ಪೂರ್ತಿ ನಿಂತದ್ದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದರೆ ತೋರಿಸುತ್ತೇನೆ. ಯಾವ ಹೊತ್ತಿಗೆ ತಪಾಸಣೆಗೆ ಹೋಗುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ, ನಮ್ಮ ಹೋಟೆಲಿನವರೂ ಇದನ್ನು ಓದುತ್ತಾರೆ.

ಬೋರ್‌ವೆಲ್ ನೀರಿದ್ದ ಕಡೆ ಎಚ್ಚರ. ಕಬ್ಬಿಣ, ನೈಟ್ರೈಟ್ ಇದ್ದರೂ ಓ.ಟಿ. ಹಳದಿಯಾಗುತ್ತದೆ, ಕ್ಲೋರಿನ್ ಇದೆ ಅಂತ ಮೋಸಹೋಗುತ್ತೀರಿ. ಅಂಥಲ್ಲಿ ಮೊದಲು ಕ್ಲೋರಿನ್ ಹಾಕದ ನೀರಿಗೆ ಓ.ಟಿ. ಹಾಕಿ ನೋಡಿಕೊಳ್ಳಿ. ಓ.ಟಿ. ಹಾಕಿದ ಹತ್ತು ಸೆಕೆಂಡಿನೊಳಗೆ ಬಣ್ಣ ಓದಿ. ಈಗ ನಾನು ಕ್ಲೋರಿನ್ ಅಳೆಯುವ ಡಿ.ಪಿ.ಡಿ. ಮಾತ್ರೆಗೆ ಬದಲಾಗುತ್ತಿದ್ದೇನೆ, ದುಬಾರಿ, ಆದರೆ ಓ.ಟಿ. ದ್ರಾವಣ ಕೈಗೆ ತಾಗುವುದು ಒಳ್ಳೆಯದಲ್ಲ.

ಮಧ್ಯೆ ಎಚ್.ಟು.ಎಸ್. ಸೀಸೆಗಳನ್ನೂ (ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಪರೀಕ್ಷಾ ಸೀಸೆ) ಬಳಸಿದೆ. ಒಂದಕ್ಕೆ ಮೂವತ್ತು ನಲವತ್ತು ರೂಪಾಯಿ. ಹಟ ಹಿಡಿದ ಒಬ್ಬ ಯಜಮಾನರ ಹೋಟೆಲ್ ನೀರು ತುಂಬಿಸಿ, ಮುಚ್ಚಿ, ಅವರ ಗಲ್ಲಾದ ಮೇಲೆಯೇ ಇಟ್ಟು ಬಂದೆ. ಮರುದಿನ ಸೀಸೆಯ ನೀರು ಕಾಡಿಗೆಯಷ್ಟು ಕಪ್ಪು. ಬೆಳಿಗ್ಗೆ ಅವರೇ ಫೋನ್ ಮಾಡಿ ಸಂಪು ತೊಳೆಯುವವರು ಯಾರು ಸಿಗುತ್ತಾರೆ ಅಂತ ಕೇಳಿದರು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾಲರಾ ಸುದ್ದಿ ಬಂದ ಮೇಲಂತೂ ಉಳಿದವರೂ ಸೀಸೆ ಕೇಳಿ ಪಡೆದರು.

ಪಾನಿಪೂರಿ ಗಾಡಿಯಲ್ಲಿ ಇದು ಅರ್ಧ ಮಾತ್ರ ಫಲಿಸಿತು. ಹುಣಸೆ, ಪುದೀನ ಬಿದ್ದ ಪಾನಿಯಲ್ಲಿ ಕ್ಲೋರಿನ್ ಉಳಿಯುವುದಿಲ್ಲ. ಹಾಗಾಗಿ ಪಾನಿ ಕಲಸುವ ಮೊದಲಿನ ನೀರನ್ನು ನೋಡುತ್ತೇನೆ, ಕೈ ತೊಳೆಯಲು ನಲ್ಲಿ ಇರುವ ಕ್ಯಾನ್ ಇಡಿಸಿದ್ದೇನೆ. ಬಾವಿ ಇದ್ದ ಒಂದು ಖಾನಾವಳಿಯಲ್ಲಿ ಬಾವಿಗೆ ಜೋಡಿ ಮಡಕೆ (ನಿಧಾನವಾಗಿ ಕ್ಲೋರಿನ್ ಬಿಡುವ, ಒಂದರೊಳಗೊಂದು ಇಟ್ಟ ಮಡಕೆ) ಇಳಿಸಿದೆ, ಒಂದು ಕೆ.ಜಿ. ಪೌಡರಿಗೆ ಎರಡು ಕೆ.ಜಿ. ದಪ್ಪ ಮರಳು. ಎರಡು ವಾರ ಚೆನ್ನಾಗಿ ನಡೆಯಿತು, ಆಮೇಲೆ ಕೊಡ ತಾಗಿ ಮಡಕೆ ಒಡೆಯಿತು. ಮತ್ತೆ ಇಳಿಸಲಿಲ್ಲ.

ಕಡೆಗೆ ಲೋಟ. ಸಂಪು ಸರಿಯಾದರೂ ಸಪ್ಲೈಯರ್ ಹುಡುಗ ಡ್ರಮ್ಮಿಗೆ ಲೋಟ ಅದ್ದಿ ತುಂಬಿದರೆ ಎಲ್ಲ ಹೋಯಿತು. ನಲ್ಲಿ ಇಲ್ಲದ ಡ್ರಮ್ ಇಡಬಾರದು ಅಂತ ಪರವಾನಗಿ ನವೀಕರಣದ ಹೊತ್ತಿಗೆ ಒಬ್ಬೊಬ್ಬರಿಗೂ ಖಡಾಖಂಡಿತ ಹೇಳಿದೆ. ನಲ್ಲಿ ಹಾಕಿಸಲು ಇನ್ನೂರು ಮುನ್ನೂರು ಖರ್ಚು, ಹೆಚ್ಚಿನವರು ಹಾಕಿಸಿದ್ದಾರೆ. ಇನ್ನು ಉಳಿದಿರುವುದು ಟ್ಯಾಂಕರಿನವರು. ಅವರ ಪೈಪಿನ ನೀರಿಗೆ ಈ ಬೇಸಿಗೆಯಿಂದ ಹಾರಾಕ್ಸ್ ಶುರು ಮಾಡುತ್ತೇನೆ.