ರೇಡಿಯೊ ಜಾಹೀರಾತು ಕೊಡುವ ಮುನ್ನ ಕೇಳುಗರ ಜಾಗ ಅರಿಯುವುದು ಹೇಗೆ?

ರೇಡಿಯೊದಲ್ಲಿ ಜಾಹೀರಾತು ಕೊಡಲು ಹೊರಟ ವರ್ತಕರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಹತ್ತು ಸೆಕೆಂಡಿಗೆ ದರವೆಷ್ಟು, ಕೇಳುಗರು ಎಷ್ಟು ಮಂದಿ. ಇವೆರಡಕ್ಕೂ ಮೊದಲು, ಅವರು ಎಲ್ಲಿದ್ದುಕೊಂಡು ಕೇಳುತ್ತಾರೆ ಎಂಬುದನ್ನು ತಿಳಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಂದೇ ಧ್ವನಿ ಅಡುಗೆಮನೆಗೂ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿಗೂ, ದರ್ಜಿಯ ಅಂಗಡಿಗೂ ತಲುಪುತ್ತದಾದರೂ, ಕೇಳಿದವರು ಆ ಕ್ಷಣದಲ್ಲಿ ಏನು ಮಾಡಬಲ್ಲರು ಎಂಬುದು ಜಾಗದಿಂದ ಜಾಗಕ್ಕೆ ಬೇರೆಯಾಗುತ್ತದೆ.

ವಾಹನ ಓಡಿಸುತ್ತಿರುವವರು ಹತ್ತು ಅಂಕಿಯ ಫೋನ್ ಸಂಖ್ಯೆಯನ್ನು ಬರೆದುಕೊಳ್ಳಲಾರರು. ಆದ್ದರಿಂದ ಬೆಳಗ್ಗೆ ಮತ್ತು ಸಂಜೆಯ ಸಂಚಾರದ ವೇಳೆಗೆ ಸಿದ್ಧಪಡಿಸುವ ಜಾಹೀರಾತಿನಲ್ಲಿ ಸಂಖ್ಯೆಯನ್ನು ಬಿಟ್ಟು, ಅಂಗಡಿಯ ಹೆಸರನ್ನು ಎರಡು ಬಾರಿ ಹೇಳಿ, ‘ರಾಜಾಜಿನಗರ, ನವರಂಗ್ ವೃತ್ತದ ಬಳಿ’ ಎಂಬಂತೆ ಎಲ್ಲರೂ ಬಲ್ಲ ಗುರುತನ್ನು ಕೊಡಿ. ಮನೆಯಲ್ಲಿ ಕೆಲಸ ಮಾಡುತ್ತ ಕೇಳುವವರಿಗೆ ಕೈ ಬಿಡುವಿರುವುದಿಲ್ಲ, ಕಿವಿ ಬಿಡುವಾಗಿರುತ್ತದೆ. ಅವರಿಗೆ ಮೂವತ್ತು ಸೆಕೆಂಡಿನ ಸಣ್ಣ ಸಂಭಾಷಣೆಯೂ ಭಾರವಾಗದು. ಕ್ಷೌರದಂಗಡಿ, ಗ್ಯಾರೇಜು, ಹೊಲಿಗೆ ಅಂಗಡಿಗಳ ಸಂಗತಿ ಬೇರೆ. ಅಲ್ಲಿ ನಿಲಯವನ್ನು ಆರಿಸುವವರು ಒಬ್ಬರು, ಕೇಳುವವರು ಹಲವರು, ಸೆಟ್ಟು ದಿನವಿಡೀ ನುಡಿಯುತ್ತಿರುತ್ತದೆ. ಅದೇ ಜಿಂಗಲ್ ಮತ್ತೆ ಮತ್ತೆ ಬಂದರೆ ಬೇಸರ ಹುಟ್ಟುವುದರಿಂದ ಜಾಹೀರಾತಿನ ಎರಡು ಮೂರು ಬೇರೆ ಬೇರೆ ರೂಪಗಳನ್ನು ಧ್ವನಿಮುದ್ರಿಸಿ ಸರದಿಯಲ್ಲಿ ಹಾಕಿಸುವುದು ಲೇಸು.

ಈ ಮಾಹಿತಿ ದೊರೆಯುವುದೆಲ್ಲಿ? ಮಾಧ್ಯಮಗಳ ಪ್ರೇಕ್ಷಕರನ್ನೂ ಕೇಳುಗರನ್ನೂ ಅಳೆಯುವ ಟ್ಯಾಮ್ ಸಂಸ್ಥೆ 2007ರಲ್ಲಿ ಆರಂಭಿಸಿದ ‘ರ‍್ಯಾಮ್’ ಎಂಬ ಸಮೀಕ್ಷೆಯಲ್ಲಿ, ಆಯ್ದ ಕೇಳುಗರು ಯಾವ ಹೊತ್ತಿನಲ್ಲಿ ಯಾವ ನಿಲಯವನ್ನು ಕೇಳಿದರು, ಮನೆಯಲ್ಲೋ ಹೊರಗೋ ಎಂಬುದನ್ನು ದಿನಚರಿಯಲ್ಲಿ ಗುರುತಿಸುವ ಪದ್ಧತಿ ಇತ್ತು. ಅದು ಮುಂಬೈ, ದೆಹಲಿ, ಕೋಲ್ಕತ್ತ, ಬೆಂಗಳೂರುಗಳಿಗೆ ಸೀಮಿತವಾಗಿದ್ದುದರಿಂದ ಮೈಸೂರು, ಮಂಗಳೂರು, ಕಲಬುರಗಿಯ ವರ್ತಕರಿಗೆ ಆ ಅಂಕಿಗಳು ಹೊಂದುವುದಿಲ್ಲ. ನಿಮ್ಮ ಊರಿನಲ್ಲಿ ನೀವೇ ವಿಚಾರಿಸಬೇಕು. ಎರಡು ವಾರಗಳ ಕಾಲ ಬಿಲ್ ಮಾಡುವಾಗ ಪ್ರತಿಯೊಬ್ಬ ಗಿರಾಕಿಯನ್ನೂ ‘ರೇಡಿಯೊ ಕೇಳುತ್ತೀರಾ, ಎಲ್ಲಿ, ಎಷ್ಟು ಹೊತ್ತಿಗೆ?’ ಎಂದು ಕೇಳಿ ಪುಸ್ತಕದಲ್ಲಿ ಬರೆದಿಡಿ. ಆಟೊ ನಿಲ್ದಾಣಕ್ಕೂ ಸುತ್ತಲಿನ ಅಂಗಡಿಗಳಿಗೂ ಹೋಗಿ ಯಾವ ನಿಲಯ ಕೇಳಿಬರುತ್ತಿದೆ ಎಂದು ಕಿವಿಗೊಡಿ. ಕೊಳ್ಳಲು ಬಂದವರನ್ನಷ್ಟೇ ವಿಚಾರಿಸಿದರೆ, ಇನ್ನೂ ನಿಮ್ಮ ಅಂಗಡಿಗೆ ಬಾರದವರ ಅಭ್ಯಾಸ ತಿಳಿಯುವುದಿಲ್ಲ.

ತರಂಗದ ವ್ಯಾಪ್ತಿಯನ್ನೂ ಪರೀಕ್ಷಿಸಬೇಕು. ಎಫ್‌ಎಂ ತರಂಗ ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಗುಡ್ಡದ ಮರೆಯಲ್ಲಿ, ಎತ್ತರದ ಕಟ್ಟಡಗಳ ನಡುವೆ ಕ್ಷೀಣಿಸುತ್ತದೆ. ನಿಲಯದವರು ತೋರಿಸುವ ನಕ್ಷೆಯನ್ನು ನೆಚ್ಚಿ ಕೂರದೆ, ಸೆಟ್ಟು ಹಿಡಿದು ನಿಮ್ಮ ಗಿರಾಕಿಗಳ ಬಡಾವಣೆಗಳಲ್ಲಿ ಒಮ್ಮೆ ಓಡಾಡಿ ಬನ್ನಿ. ಪಂಪ್‌ಸೆಟ್ಟು, ಬಿತ್ತನೆ ಬೀಜ ಮಾರುವವರಿಗೆ ದೂರದ ಹಳ್ಳಿಗಳಿಗೂ ಹೋಗುವ ಆಕಾಶವಾಣಿಯ ಮಧ್ಯಮ ತರಂಗ ಮತ್ತು ಅದರ ಕೃಷಿ ಕಾರ್ಯಕ್ರಮಗಳು ಹೆಚ್ಚು ಒಗ್ಗುತ್ತವೆ. ಸುತ್ತಲ ಹತ್ತು ಕಿಲೋಮೀಟರಿನ ಆಸುಪಾಸಿನ ವ್ಯಾಪಾರಕ್ಕೆ ಸಮುದಾಯ ಬಾನುಲಿ, ಅಂದರೆ ಸ್ಥಳೀಯ ಸಂಸ್ಥೆಗಳು ತಮ್ಮ ಸುತ್ತಲಿನ ಜನರಿಗಾಗಿ ನಡೆಸುವ ಸಣ್ಣ ನಿಲಯ, ಸಾಕು. 2024ರ ಮಾರ್ಗಸೂಚಿಯಂತೆ ಅಲ್ಲಿ ಗಂಟೆಗೆ 12 ನಿಮಿಷದವರೆಗೆ ಜಾಹೀರಾತಿಗೆ ಅವಕಾಶವಿದೆ.

ಮೊಬೈಲಿನಲ್ಲಿ ಕೇಳುವವರ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಫೋನಿನ ಎಫ್‌ಎಂಗೆ ಇಯರ್‌ಫೋನಿನ ತಂತಿಯೇ ಆಂಟೆನಾ. ಆ ತಂತಿ ಚುಚ್ಚುವ ರಂಧ್ರವೇ ಇಲ್ಲದ ಹೊಸ ಫೋನುಗಳಲ್ಲಿ ಜನ ಅಂತರ್ಜಾಲದ ಪ್ರಸಾರವನ್ನು ಕೇಳುತ್ತಾರೆ. ಅಂತಹ ಕೇಳುಗರು ಮುಂಬೈಯಲ್ಲೋ ದುಬೈಯಲ್ಲೋ ಇರಬಹುದು. ಪಾತ್ರೆ ಅಂಗಡಿಗೆ ಅವರಿಂದ ಲಾಭವಿಲ್ಲ. ಅಂಚೆಯಲ್ಲಿ ಚಟ್ನಿಪುಡಿ ಕಳಿಸಿಕೊಡುವವರಿಗೆ ಉಂಟು.

ಮೊದಲ ತಿಂಗಳು ಒಂದೇ ನಿಲಯದಲ್ಲಿ, ಎರಡೇ ವೇಳೆಗಳಲ್ಲಿ ಪ್ರಯೋಗ ಮಾಡಿ. ಬೆಳಗಿನ ಜಾಹೀರಾತಿನಲ್ಲಿ, ಅಂಗಡಿಗೆ ಬಂದು ಹೇಳಿದವರಿಗೆ ರಿಯಾಯಿತಿ ಸಿಗುವಂಥ ಒಂದು ಪದವನ್ನೂ ಸಂಜೆಯದರಲ್ಲಿ ಇನ್ನೊಂದನ್ನೂ ಹೇಳಿಸಿ, ಯಾವ ಪದವನ್ನು ಎಷ್ಟು ಮಂದಿ ಹೇಳಿದರು, ಅದನ್ನು ಎಲ್ಲಿದ್ದಾಗ ಕೇಳಿದರು ಎಂಬುದನ್ನು ಅದೇ ಪುಸ್ತಕದಲ್ಲಿ ದಾಖಲಿಸಿ, ಎರಡನೆಯ ತಿಂಗಳ ಹಣವನ್ನು ಆ ಪುಟ ನೋಡಿ ಹಂಚಿ.