ಹೀಟರ್‌ಗೆ ಹೋಗುವ ಎರಡು ಪೈಪ್

ಕಳೆದ ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ಮೂಡಿಗೆರೆಯಿಂದ ಹೊರಟು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಕೊಟ್ಟಿಗೆಹಾರ ದಾಟುವಷ್ಟರಲ್ಲಿ ಹೊರಗೆ ದಟ್ಟ ಮಂಜು, ಒಳಗೆ ಮುಂದಿನ ಗಾಜು ಪೂರ್ತಿ ಮಬ್ಬು. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಅಮ್ಮ ಟವೆಲ್ ಹಿಡಿದು ಗಾಜು ಒರೆಸುತ್ತಲೇ ಇದ್ದರು. ಒಂದು ತಿರುವಿನಲ್ಲಿ ಎದುರಿಗೆ ಬಂದ ಬಸ್ಸು ತೀರಾ ಹತ್ತಿರ ಬಂದ ಮೇಲೇ ಕಂಡಿತು. ನನಗೆ ನಿಜವಾಗಿ ಭಯವಾಯಿತು.

ಮೆಕ್ಯಾನಿಕ್ ಹತ್ತಿರ ಹೋದೆ. "ನಮ್ ಕಡೆ ಹೀಟರ್ ಯಾರಿಗೆ ಬೇಕು ಸಾರ್, ಬೈಪಾಸ್ ಮಾಡಿಬಿಡೋಣ" ಅಂದರು. ಅಂದರೆ ಹೀಟರ್‌ಗೆ ಹೋಗುವ ಪೈಪನ್ನು ಎಂಜಿನ್‌ಗೇ ವಾಪಸ್ ಸೇರಿಸಿಬಿಡುವುದು. ಹೀಟರ್ ಸೋರುತ್ತಿದ್ದರೆ ಆ ಹೊತ್ತಿಗೆ ಅದು ಸರಿ. ಆದರೆ ಮಲೆನಾಡಿನಲ್ಲಿ ಹೀಟರ್ ಬೇಕಾಗುವುದು ನಮ್ಮ ಚಳಿಗಿಂತ ಜಾಸ್ತಿ ಗಾಜಿಗೆ ಅಲ್ವಾ? ಒಪ್ಪಲಿಲ್ಲ. ಭಾನುವಾರ ಮನೆಯಲ್ಲೇ ಬಾನೆಟ್ ಎತ್ತಿದೆ.

ಕಾರಿನ ಹೀಟರ್ ತಾನಾಗಿ ಬಿಸಿ ಮಾಡುವುದಿಲ್ಲ. ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಅಲ್ಲಿ ಬಿಸಿಯಾಗಿ ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್‌ಗೆ, ಅಂದರೆ ಹೀಟರ್ ಕೋರ್‌ಗೆ ಬರುತ್ತದೆ. ಬ್ಲೋವರ್ ಅದರ ಮೇಲೆ ಗಾಳಿ ಹಾಯಿಸುತ್ತದೆ, ಅಷ್ಟೇ. ನನ್ನ ಕಾರಿನಲ್ಲಿ ಗಾಳಿ ಜೋರಾಗಿಯೇ ಬರುತ್ತಿತ್ತು. ಹಾಗಾಗಿ ಫ್ಯೂಸ್, ಬ್ಲೋವರ್ ಮೋಟರ್ ಕಡೆ ಹೋಗಲಿಲ್ಲ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿದೆ. ನೀರು ತುಂಬಿತ್ತು, ಆದರೆ ಕಂದು ಬಣ್ಣ. (ಬಿಸಿ ಇದ್ದಾಗ ಆ ಮುಚ್ಚಳ ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೇ ಹಾರುತ್ತದೆ.) ಗಾಡಿ ಸ್ಟಾರ್ಟ್ ಮಾಡಿದೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದು ನಿಂತಿತು. ಎಂಜಿನ್ ಬಿಸಿಯಾದ ಮೇಲಷ್ಟೇ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆದೇ ಉಳಿದಿದ್ದರೆ ಮುಳ್ಳು ಕೆಳಗೇ ಇರುತ್ತಿತ್ತು.

ಆಮೇಲೆ ಹೀಟರ್‌ಗೆ ಹೋಗುವ ಎರಡು ರಬ್ಬರ್ ಪೈಪ್‌ಗಳನ್ನು ಫ್ಯಾನ್, ಬೆಲ್ಟ್‌ಗೆ ಕೈ ತಾಗದ ಹಾಗೆ ಮುಟ್ಟಿ ನೋಡಿದೆ. ಗುಟ್ಟು ಇರುವುದು ಇಲ್ಲೇ. ಎರಡೂ ಬಿಸಿ ಇದ್ದರೆ ಕೂಲೆಂಟ್ ಚೆನ್ನಾಗಿ ಓಡುತ್ತಿದೆ, ತೊಂದರೆ ಒಳಗಿನ ಗಾಳಿ ತಿರುಗಿಸುವ ಬಾಗಿಲಿನದು. ಎರಡೂ ತಣ್ಣಗಿದ್ದರೆ ಕೂಲೆಂಟ್ ಕಮ್ಮಿ ಇರಬಹುದು, ಇಲ್ಲವೇ ಗಾಳಿ ಸಿಕ್ಕಿಕೊಂಡಿರಬಹುದು. ನನ್ನದರಲ್ಲಿ ಒಂದು ಕೈ ಸುಡುವಷ್ಟು ಬಿಸಿ, ಇನ್ನೊಂದು ತಣ್ಣಗೆ. ಒಳಗೆ ಕೂತು ನಾಬ್ ತಿರುಗಿಸಲು ತಮ್ಮನಿಗೆ ಹೇಳಿದೆ. ಕೇಬಲ್ ಎಳೆಯುತ್ತಿತ್ತು, ಹೀಟರ್‌ಗೆ ಕೂಲೆಂಟ್ ಬಿಡುವ ವಾಲ್ವ್ ತೆರೆಯುತ್ತಿತ್ತು. ಉಳಿದದ್ದು ಒಂದೇ, ಕೋರ್ ಕಟ್ಟಿಕೊಂಡಿದೆ. ಸೆಕೆಂಡ್ ಹ್ಯಾಂಡ್ ಕಾರು ಇದು. ಹಿಂದಿನವರು ಕೂಲೆಂಟ್ ಬದಲು ಬೋರ್‌ವೆಲ್ ನೀರು ಸುರಿದಿರಬೇಕು. ಗಡಸು ನೀರಿನಿಂದ ಒಳಗೆ ಸುಣ್ಣದಂಥ ಪದರ ಕಟ್ಟುತ್ತದೆ, ಜೊತೆಗೆ ತುಕ್ಕು.

ಸಂಜೆ ಎಂಜಿನ್ ಪೂರ್ತಿ ಆರಿದ ಮೇಲೆ ಎರಡೂ ಪೈಪ್ ಬಿಚ್ಚಿದೆ. ಗಿಡಕ್ಕೆ ನೀರು ಬಿಡುವ ಪೈಪನ್ನು ವಾಪಸ್ ಬರುವ ಬಾಯಿಗೆ ಹಿಡಿದು ಉಲ್ಟಾ ನೀರು ಬಿಟ್ಟೆ. ನಲ್ಲಿ ಜೋರಾಗಿ ತಿರುಗಿಸಲಿಲ್ಲ, ಹಳೇ ಕೋರ್ ಒಡೆಯಬಹುದು. ಮೊದಲು ಕೆಂಪು ಕೆಸರು, ಆಮೇಲೆ ಚಕ್ಕೆ ಚಕ್ಕೆ ತುಕ್ಕು. ಎರಡೂ ಕಡೆಯಿಂದ ಬದಲಾಯಿಸಿ ಬಿಡುತ್ತಾ ಹೋದೆ, ನೀರು ತಿಳಿಯಾಗುವವರೆಗೆ. ಎಲ್ಲವನ್ನೂ ಬಕೆಟ್ಟಿನಲ್ಲೇ ಹಿಡಿದೆ. ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಜೀವಕ್ಕೇ ಅಪಾಯ. ರೇಡಿಯೇಟರ್ ನೀರನ್ನೂ ಖಾಲಿ ಮಾಡಿ, ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರು ತುಂಬಿದೆ.

ಒಳಗೆ ಸಿಕ್ಕಿಕೊಂಡ ಗಾಳಿ ಬಿಡಿಸುವುದಕ್ಕೆ ಅಂಗಳದ ಏರಿನಲ್ಲಿ ಮೂತಿ ಮೇಲೆ ಮಾಡಿ ಕಾರು ನಿಲ್ಲಿಸಿದೆ. ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಎಂಜಿನ್ ಓಡಿಸಿದೆ. ಗುಳ್ಳೆ ಬರುತ್ತಾ ಬರುತ್ತಾ ನಿಂತವು. ಕಮ್ಮಿಯಾದಷ್ಟು ತುಂಬಿ ಮುಚ್ಚಿದೆ. ಈಗ ಎರಡೂ ಪೈಪ್ ಬಿಸಿ.

ಮುಂದಿನ ವಾರ ಅದೇ ಘಾಟಿಯಲ್ಲಿ ಎಸಿ, ಹೀಟರ್ ಎರಡನ್ನೂ ಹಾಕಿ, ಹೊರಗಿನ ಗಾಳಿ ಒಳಗೆ ಬರುವ ಹಾಗಿಟ್ಟು ಗಾಜಿಗೆ ತಿರುಗಿಸಿದೆ. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಗಾಜು ಬಿಸಿ ಮಾಡುತ್ತದೆ. ನೋಡನೋಡುತ್ತಲೇ ಗಾಜು ತಿಳಿಯಾಯಿತು. ಪಕ್ಕದ ಸೀಟಿನವರು ಕಾಲಿಡುವ ಮ್ಯಾಟ್ ಈಗಲೂ ಆಗಾಗ ಮುಟ್ಟಿ ನೋಡುತ್ತೇನೆ. ಅದು ಒದ್ದೆಯಾಗಿ ಸಿಹಿ ವಾಸನೆ ಬಂದರೆ ಕೋರ್ ಸೋರುತ್ತಿದೆ ಅಂತ, ಆಗ ಹೊಸದೇ ಹಾಕಿಸಬೇಕು. ಇಲ್ಲಿಯವರೆಗೆ ಒಣಗಿಯೇ ಇದೆ.