ಮೂವತ್ತು ಸಾವಿರದಲ್ಲಿ ಸಿಂಥೆಟಿಕ್ ವಿಷನ್: ಸಾಂಬ್ರಾ–ಆಲಮಟ್ಟಿ ದಾರಿಯಲ್ಲಿ ನನ್ನ ಅನುಭವ

ಸಿಂಥೆಟಿಕ್ ವಿಷನ್ ಎಂದರೆ ಜಿಪಿಎಸ್ ಮತ್ತು ಭೂಎತ್ತರದ ಡೇಟಾ ಹಿಡಿದು, ಹೊರಗಿನ ನೆಲ-ಗುಡ್ಡಗಳ ಚಿತ್ರವನ್ನು ಪೈಲಟ್‌ನ ಮುಂದೆ ಬಿಡಿಸುವ ಪರದೆ. ಸಣ್ಣ ವಿಮಾನಕ್ಕೆಂದು ನಾನೇ ಕಟ್ಟಿದ್ದು ಈಗ ಸರಿಯಾಗಿ ನಡೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಖಾನಾಪುರದ ಪಶ್ಚಿಮಕ್ಕೆ ಸಹ್ಯಾದ್ರಿಯ ಅಂಚಿನಲ್ಲಾಗಲಿ, ಪೂರ್ವಕ್ಕೆ ಆಲಮಟ್ಟಿ ಹಿನ್ನೀರಿನ ಮೇಲಾಗಲಿ, ಟ್ಯಾಬ್ಲೆಟ್ಟಿನ ಪರದೆಯ ಗುಡ್ಡವೂ ಗಾಜಿನಾಚೆಯ ಗುಡ್ಡವೂ ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ನಿಲ್ಲುತ್ತವೆ. "ಸಾವಿರ ರೂಪಾಯಿ ಚಿಪ್ ತಗೊಂಡು ಗುಡ್ಡದ ಕಡೆ ಹಾರ್ತೀರೇನ್ರೀ?" ಎಂದವರೇ ಈಗ ಫೈಲ್ ಕೊಡಿ ಎನ್ನುತ್ತಿದ್ದಾರೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಹಗಲಿನ ವಿಎಫ್‌ಆರ್ (ಕಣ್ಣಿಂದ ಹೊರಗೆ ನೋಡಿಕೊಂಡು ಹಾರುವ) ಹಾರಾಟದಲ್ಲಿ ಕಿಟಕಿಯ ಜೊತೆಗಿರುವ ಆಸರೆ, ಅಷ್ಟೇ. ವಿಮಾನದ ಪ್ಯಾನೆಲ್ಲಿಗೆ ಒಂದು ವೈರೂ ಜೋಡಿಸಿಲ್ಲ. ಮೋಡದೊಳಗೆ ಹೊಗಲು ಇದನ್ನು ನಂಬುವವರು ಮುಂದೆ ಓದುವುದೇ ಬೇಡ.

ಖರ್ಚು ನೆನಪಿನಿಂದ ಹೇಳುತ್ತೇನೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಐದಾರು ಸಾವಿರ. ವಿಮಾನದ ವಾಲು ಅಳೆಯುವ ಗೈರೋ-ಆಕ್ಸೆಲರೋಮೀಟರ್ ಚಿಪ್ ಮತ್ತು ಒತ್ತಡದ ಸೆನ್ಸರ್ ಸೇರಿ ಸಾವಿರದ ಮೇಲೆ ಚೂರು. ಯು-ಬ್ಲಾಕ್ಸ್ ಜಿಪಿಎಸ್ ಸಾವಿರದ ಇನ್ನೂರು. 1090 ಮೆಗಾಹರ್ಟ್ಜ್ ಎಡಿಎಸ್-ಬಿ (ಬೇರೆ ವಿಮಾನಗಳು ತಮ್ಮ ಜಾಗ ಹೇಳುವ ಸಂಕೇತ) ಹಿಡಿಯುವ ಡಾಂಗಲ್ ಮತ್ತು ಆಂಟೆನಾ ಮೂರೂವರೆ ಸಾವಿರ. ಎಂಟು ಇಂಚಿನ ಟ್ಯಾಬ್ಲೆಟ್ ಹದಿನೈದು ಸಾವಿರ. ಡಬ್ಬಿ, ಕೇಬಲ್, ಚಾರ್ಜರ್ ಸೇರಿದರೆ ಮೂವತ್ತರ ಆಸುಪಾಸು. ಇದರ ಹೊರತಾಗಿ ನೀರಿಗೆ ಹೋದ ರೊಕ್ಕ ಇನ್ನೊಂದು ಇಪ್ಪತ್ತು ಸಾವಿರ ಇರಬೇಕು. ಅದರಲ್ಲಿ ದೊಡ್ಡ ಪಾಲು ಬಿಸಿಲಿಗೆ ಏನೂ ಕಾಣಿಸದ ಅಗ್ಗದ ಟ್ಯಾಬ್ಲೆಟ್ಟಿನದು. ಚಂದಾ ಕಟ್ಟುವ ವಿದೇಶಿ ಆಪ್‌ಗಳು ಚೆನ್ನಾಗಿಯೇ ಇವೆ. ಆದರೆ ಡಾಲರ್ ಲೆಕ್ಕದಲ್ಲಿ ವರ್ಷವರ್ಷ ಕಟ್ಟಬೇಕು, ಮೇಲಾಗಿ ನಮ್ಮ ಭಾಗದ ಗಾಳಿಯಂತ್ರ, ಚಿಮಣಿಗಳನ್ನು ನಾವೇ ಸೇರಿಸಿಕೊಳ್ಳುವ ಸ್ವಾತಂತ್ರ್ಯ ನನಗೆ ಬೇಕಿತ್ತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಎತ್ತರದ ಸೊನ್ನೆ. ಸಾಂಬ್ರಾದಲ್ಲಿ, ಅಂದರೆ ಬೆಳಗಾವಿ ವಿಮಾನ ನಿಲ್ದಾಣದಲ್ಲಿ, ಏಪ್ರನ್ (ವಿಮಾನ ನಿಲ್ಲಿಸುವ ಅಂಗಳ) ಮೇಲೆ ನಿಂತ ವಿಮಾನ ಪರದೆಯಲ್ಲಿ ನೆಲದೊಳಗೆ ಹೂತು ಹೋಗುತ್ತಿತ್ತು, ಸುತ್ತಲೂ ಕಂದು ಗೋಡೆ. ಗ್ರಾಫಿಕ್ಸ್ ಕೋಡಿನಲ್ಲಿ ಹುಡುಕಿದರೆ ಇದು ಸಿಗುವುದಿಲ್ಲ. ಕಾರಣ ಇಷ್ಟು: ಡಬ್ಬಿ ಟ್ಯಾಬ್ಲೆಟ್ಟಿಗೆ ಡೇಟಾ ಕಳಿಸುವ ಜಿಡಿಎಲ್ 90 ನಿಯಮದಲ್ಲಿ 11ನೇ ಸಂದೇಶ ಹೊತ್ತು ತರುವ ಎತ್ತರ ಡಬ್ಲ್ಯುಜಿಎಸ್-84 ಎಲಿಪ್ಸಾಯ್ಡ್‌ನಿಂದ, ಅಂದರೆ ಭೂಮಿಗೆ ಹೊಂದಿಸಿದ ಗಣಿತದ ನಯವಾದ ಆಕಾರದಿಂದ ಅಳೆದದ್ದು. ಎಸ್‌ಆರ್‌ಟಿಎಂ (ಬಾಹ್ಯಾಕಾಶದಿಂದ ರಾಡಾರ್‌ನಲ್ಲಿ ಅಳೆದ) ಭೂಎತ್ತರವಾದರೋ ಇಜಿಎಂ-96 ಜಿಯಾಯ್ಡ್‌ನಿಂದ, ಅಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದಿಂದ ಅಳೆದದ್ದು. ಜಗತ್ತಿನಲ್ಲೇ ಜಿಯಾಯ್ಡ್ ಅತಿ ಆಳಕ್ಕೆ ಇಳಿಯುವುದು ಶ್ರೀಲಂಕೆಯ ದಕ್ಷಿಣಕ್ಕೆ, ನೂರು ಮೀಟರಿಗೂ ಹೆಚ್ಚು. ಆ ತಗ್ಗಿನ ಇಳಿಜಾರಿನಲ್ಲೇ ನಾವಿದ್ದೇವೆ. ಬೆಳಗಾವಿಯಲ್ಲಿ ಎರಡು ಸೊನ್ನೆಗಳ ಅಂತರ 70ರಿಂದ 80 ಮೀಟರ್. 250 ಅಡಿ ಎಂದು ಇಟ್ಟುಕೊಳ್ಳಿ. ಸಾಂಬ್ರಾದ ಎತ್ತರ 2,487 ಅಡಿ. ಅದರಲ್ಲಿ 250 ಅಡಿ ಕಡಿಮೆ ತೋರಿಸಿದರೆ ವಿಮಾನ ಹೂತುಹೋಗದೆ ಇನ್ನೇನಾದೀತು?

250 ಅಡಿ ಕೂಡಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಕೆಲವು ಸಾಧನಗಳು ಅದೇ ಸಂದೇಶದಲ್ಲಿ ಸಮುದ್ರಮಟ್ಟದ ಎತ್ತರವನ್ನೇ ಕಳಿಸುತ್ತವೆ, ಆಗ ತಪ್ಪು ಉಲ್ಟಾ ಆಗಿ ಗುಡ್ಡ ಕೆಳಗೆ ಸರಿಯುತ್ತದೆ. ಅದು ಹೆಚ್ಚು ಅಪಾಯ, ಏಕೆಂದರೆ ಪರದೆ ನೋಡಲು ಸರಿಯಾಗಿಯೇ ಕಾಣುತ್ತದೆ. ನಾನು ಜಿಪಿಎಸ್‌ ಕಳಿಸುವ ಜಿಜಿಎ ಎಂಬ ಡೇಟಾ ಸಾಲಿನಿಂದ ಎರಡೂ ಸಂಖ್ಯೆ ತೆಗೆದುಕೊಳ್ಳುತ್ತೇನೆ, ಸಮುದ್ರಮಟ್ಟದ ಎತ್ತರ ಮತ್ತು ಜಿಯಾಯ್ಡ್ ಅಂತರ. ಎರಡನ್ನೂ ಕೂಡಿಸಿ ಎಲಿಪ್ಸಾಯ್ಡ್ ಎತ್ತರಕ್ಕೆ ಮರಳಿ, ಅದರಿಂದ ಭೂಎತ್ತರದ ಡೇಟಾಕ್ಕೆ ಹೊಂದುವ ಜಿಯಾಯ್ಡ್ ಗ್ರಿಡ್ಡನ್ನು (ಜಾಗಜಾಗದ ಅಂತರದ ಪಟ್ಟಿ) ನಾನೇ ಕಳೆಯುತ್ತೇನೆ. ಜಿಪಿಎಸ್ ಒಳಗಿನ ಗ್ರಿಡ್ ಬಹಳ ಒರಟು, ಅದರ ಮೇಲೆ ಬಿಡುವುದಿಲ್ಲ.

ಸರಿಯಾಯಿತೋ ಇಲ್ಲವೋ ಎಂದು ನೋಡಲು ಹಾರಬೇಕಿಲ್ಲ. ತಾಸಿಗೆ ಹನ್ನೆರಡು-ಹದಿಮೂರು ಸಾವಿರ ಸುಟ್ಟು ಸೊನ್ನೆ ಹುಡುಕುವುದು ಯಾರಿಗೂ ಪೂರೈಸುವುದಿಲ್ಲ. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂದು ಬರೆದಿರುತ್ತದಲ್ಲ, ಬೆಳಗಾವಿ, ಖಾನಾಪುರ, ಲೋಂಡಾ, ಮೂರರಲ್ಲೂ ಡಬ್ಬಿಯನ್ನು ಫಲಕದ ಹತ್ತಿರ ಹತ್ತು ನಿಮಿಷ ಇಟ್ಟು ನೋಡಿದರೆ ಸಾಕು. ಎರಡು-ಮೂರು ಮೀಟರಿನ ಒಳಗೆ ಬಂದರೆ ಸೊನ್ನೆ ಕೂತಿದೆ ಎಂದರ್ಥ. ಆಮೇಲೆ ಕಾರಿನ ಡ್ಯಾಶ್‌ಬೋರ್ಡಿಗೆ ಕಟ್ಟಿ ಚೋರ್ಲಾ ಘಾಟ್ ಇಳಿಸಿ. ಅಂಥ ತಿರುವು, ಅಂಥ ಇಳಿತ ಬೇರೆಲ್ಲೂ ಪುಕ್ಕಟೆ ಸಿಗುವುದಿಲ್ಲ.

ಭೂಎತ್ತರದ ಡೇಟಾದಲ್ಲೂ ಸುತ್ತಾಡಿದ್ದಾಯಿತು. ಎಸ್‌ಆರ್‌ಟಿಎಂ ಅಳತೆ 2000ದ ಫೆಬ್ರವರಿಯದು. ಆಗ ಆಲಮಟ್ಟಿ ಈಗಿನ 519.6 ಮೀಟರ್ ಮಟ್ಟಕ್ಕೆ ತುಂಬಿರಲಿಲ್ಲ. ಹೀಗಾಗಿ ಇಂದು ನೀರಿರುವ ಕಡೆ ಅದು ಹೊಲ, ಹಳ್ಳ ತೋರಿಸುತ್ತದೆ. ಬಾಗಲಕೋಟೆ ಹಿನ್ನೀರನ್ನೇ ಗುರುತಾಗಿ ಇಟ್ಟುಕೊಂಡು ಹಾರುವವರಿಗೆ ಇದು ಸಣ್ಣ ತೊಂದರೆಯಲ್ಲ. ಭುವನ್ ಎಂಬ ನಕ್ಷೆ ತಾಣದಲ್ಲಿ ಸಿಗುವ ಇಸ್ರೋದ ಭೂಎತ್ತರ ಡೇಟಾ ಕಾರ್ಟೋಡೆಮ್ ಹಾಕಿ ನೋಡಿದೆ. ಚೆನ್ನಾಗಿದೆ, ಆದರೆ ಅದು ಎಲಿಪ್ಸಾಯ್ಡ್ ಎತ್ತರ. ಎಸ್‌ಆರ್‌ಟಿಎಂ ಪಕ್ಕದಲ್ಲಿ ಹಾಗೇ ಇಟ್ಟರೆ ಎರಡರ ಗಡಿಯಲ್ಲಿ 75 ಮೀಟರಿನ ಕಡಿದಾದ ದಡ ಏಳುತ್ತದೆ. ಕೊನೆಗೆ ನಿಂತದ್ದು ಯುರೋಪಿನ ಭೂಎತ್ತರ ಡೇಟಾ ಕೋಪರ್ನಿಕಸ್ ಜಿಎಲ್‌ಒ-30. ಪುಕ್ಕಟೆ, ಹೊಸ ಅಳತೆ, ಇಜಿಎಂ-2008 ಜಿಯಾಯ್ಡ್ ಆಧಾರ, ಕೆರೆಗಳ ನೀರು ಸಪಾಟು. ಹಿನ್ನೀರಿನ ಅಂಚನ್ನು ಮಾತ್ರ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಬೇರೆ ಎಳೆದು, ಬೇಸಿಗೆಗೆ ಒಂದು, ಮಳೆಗಾಲದ ಕೊನೆಗೆ ಒಂದು ಎಂದು ಎರಡು ಆಕಾರ ಇಟ್ಟಿದ್ದೇನೆ. ಮೇ ತಿಂಗಳಲ್ಲಿ ನೀರು ಎಷ್ಟು ಹಿಂದೆ ಸರಿದಿರುತ್ತದೆ ಎಂಬುದು ಆ ಕಡೆಯವರಿಗೆ ಗೊತ್ತೇ ಇದೆ.

30 ಮೀಟರ್ ಡೇಟಾ ಪೂರ್ತಿ ಹಾಕಿದರೆ ಟ್ಯಾಬ್ಲೆಟ್ ಉಸಿರುಗಟ್ಟುತ್ತದೆ. ದೂರದ ನೆಲವನ್ನು 90 ಮೀಟರಿಗೆ, ಇನ್ನೂ ದೂರದ್ದನ್ನು 270ಕ್ಕೆ ಇಳಿಸಲೇಬೇಕು. ಸಿದ್ಧ ಲೈಬ್ರರಿಗಳು ಇಳಿಸುವಾಗ ಸರಾಸರಿ ತೆಗೆಯುತ್ತವೆ. ಬಯಲಿನಲ್ಲಿ ನಡೆಯುತ್ತದೆ, ಸಹ್ಯಾದ್ರಿಯ ಕಡಿದಾದ ಅಂಚಿನಲ್ಲಿ ಶಿಖರ ಇಪ್ಪತ್ತು-ಮೂವತ್ತು ಮೀಟರ್ ಕುಗ್ಗುತ್ತದೆ. ಒಂಬತ್ತು ಚೌಕಗಳ ಸರಾಸರಿ ಬೇಡ, ಅವುಗಳಲ್ಲಿ ಅತಿ ಎತ್ತರದ್ದನ್ನೇ ತೆಗೆದುಕೊಳ್ಳಿ. ಕಣಿವೆ ಚೂರು ಕಿರಿದಾಗಿ ಕಾಣುತ್ತದೆ, ಕಾಣಲಿ. ಎರಡು ಮಟ್ಟಗಳ ಗಡಿಯಲ್ಲಿ ಬೀಳುವ ಬಿರುಕನ್ನು ಮುಚ್ಚಲು ನನ್ನದೊಂದು ವಿಧಾನ ಇದೆ, ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು: ಭೂಮಿಯ ನಡುವಿನಿಂದ ಅಳೆದ ನಿರ್ದೇಶಾಂಕಗಳನ್ನು ಸಿಂಗಲ್ ಪ್ರಿಸಿಷನ್‌ನಲ್ಲಿ (ಏಳು ಅಂಕಿಯಷ್ಟೇ ಹಿಡಿಯುವ ಸಂಖ್ಯೆ) ಇಟ್ಟರೆ ಅರ್ಧ ಮೀಟರಿನಷ್ಟು ಹಾರುತ್ತವೆ, ಹತ್ತಿರದ ರನ್‌ವೇ ನಡುಗುತ್ತದೆ. ನೆಲದ ಪ್ರತಿ ತುಂಡಿಗೂ (ಟೈಲ್) ಅದರದೇ ಮೂಲಬಿಂದು ಕೊಡಿ.

ಈಗ ಆ ಸಾವಿರ ರೂಪಾಯಿ ಚಿಪ್, ಅಂದರೆ ಗೈರೋ-ಆಕ್ಸೆಲರೋಮೀಟರ್. ಅನುಮಾನಕ್ಕೆ ಕಾರಣ ಇತ್ತು. ಗೈರೋ, ಆಕ್ಸೆಲರೋಮೀಟರ್ ಎರಡನ್ನೂ ಬೆರೆಸುವ ಸಾಮಾನ್ಯ ಫಿಲ್ಟರ್ ಹಾಕಿ ರೇಟ್-ಒನ್ (ಸೆಕೆಂಡಿಗೆ 3 ಡಿಗ್ರಿ) ತಿರುವು ಹಿಡಿದರೆ ಅರ್ಧ ನಿಮಿಷದಲ್ಲಿ ಪರದೆಯ ದಿಗಂತ ಮೆಲ್ಲಗೆ ಸಮ ಆಗತೊಡಗುತ್ತದೆ, ವಿಮಾನ ಮಾತ್ರ ವಾಲಿಕೊಂಡೇ ಇರುತ್ತದೆ. ಸಮತೋಲದ ತಿರುವಿನಲ್ಲಿ ಆಕ್ಸೆಲರೋಮೀಟರಿಗೆ ನೆಲದ ದಿಕ್ಕು ಸೀಟಿನ ಕೆಳಗೇ ಇದ್ದಂತೆ ತೋರುತ್ತದೆ, ಫಿಲ್ಟರ್ ಅದನ್ನೇ ನಂಬಿ ಗೈರೋವನ್ನು ತಿದ್ದುತ್ತದೆ. ಸೆನ್ಸರ್ ಅಗ್ಗದ್ದು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಜಿಪಿಎಸ್ ವೇಗವನ್ನು ತಿರುವಿನ ದರಕ್ಕೆ ಗುಣಿಸಿ, ಬಂದ ವೇಗೋತ್ಕರ್ಷವನ್ನು ಮೊದಲು ಕಳೆದು, ಆಮೇಲೆ ಫಿಲ್ಟರಿಗೆ ಕೊಡಬೇಕು. 90 ನಾಟ್ ಎಂದರೆ ಸೆಕೆಂಡಿಗೆ 46 ಮೀಟರ್. ಸೆಕೆಂಡಿಗೆ 3 ಡಿಗ್ರಿ ತಿರುವಿಗೆ ಅದು 2.4 ಮೀಟರ್ ಪ್ರತಿ ಸೆಕೆಂಡ್ ವರ್ಗ, ಅಂದರೆ ಸುಮಾರು 14 ಡಿಗ್ರಿ ವಾಲು. ಇದನ್ನು ಹಾಕಿದ ಮೇಲೆ ಎರಡು ನಿಮಿಷದ ಪೂರ್ತಿ ಸುತ್ತಿನಲ್ಲೂ ಪ್ಯಾನೆಲ್ಲಿನ ಉಪಕರಣಕ್ಕೂ ಪರದೆಗೂ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬರುವುದಿಲ್ಲ. ಜಿಪಿಎಸ್ 5 ಹರ್ಟ್ಜ್‌ನಲ್ಲಿ (ಸೆಕೆಂಡಿಗೆ ಐದು ಸಲ) ಓಡಬೇಕು, 1 ಹರ್ಟ್ಜ್ ಸಾಲದು.

ಕಂಪನದ ಕಥೆ ಬೇರೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2,400 ಸುತ್ತಿನಲ್ಲಿ ಸೆಕೆಂಡಿಗೆ 80 ಸಲ ಬಡಿಯುತ್ತದೆ. ಸೆನ್ಸರನ್ನು 100 ಹರ್ಟ್ಜ್‌ನಲ್ಲಿ ಓದಿದರೆ ಆ ಬಡಿತ 20 ಹರ್ಟ್ಜ್ ಆಗಿ ವೇಷ ಬದಲಿಸಿ ಒಳಗೆ ನುಗ್ಗುತ್ತದೆ. ಸೆನ್ಸರಿನೊಳಗೇ ಇರುವ ಲೋ-ಪಾಸ್ (ವೇಗದ ಕಂಪನ ತಡೆಯುವ) ಫಿಲ್ಟರನ್ನು 20 ಹರ್ಟ್ಜ್‌ಗೆ ಇಟ್ಟು, ಒಳಗೆ 1,000 ಹರ್ಟ್ಜ್‌ನಲ್ಲಿ ಓಡಿಸಿ, ಆಮೇಲೆ ಇಳಿಸಿಕೊಳ್ಳಿ. ದಪ್ಪ ಫೋಮ್ ಮೇಲೆ ಕೂರಿಸಿದರೆ ಇನ್ನೂ ಕೆಡುತ್ತದೆ, ಡಬ್ಬಿಯೇ ತೂಗತೊಡಗುತ್ತದೆ. ತೆಳು ಡಬಲ್ ಟೇಪ್ ಸಾಕು. ಕರೆಂಟ್ ಕೊಟ್ಟು ಹತ್ತು ನಿಮಿಷ ಚಿಪ್ ಬಿಸಿಯಾಗಲು ಬಿಟ್ಟು, ಎಂಜಿನ್ ಶುರು ಮಾಡುವ ಮೊದಲು ಗೈರೋ ಸೊನ್ನೆ ಹಿಡಿಯಬೇಕು. ತಿರುವಿನಲ್ಲಿ ಫಿಲ್ಟರಿನ ಗೇನ್ (ತಿದ್ದುವ ಬಲ) ಎಷ್ಟು ಇಳಿಸುತ್ತೇನೆ ಎಂಬ ಸಂಖ್ಯೆಯನ್ನೂ ಇಲ್ಲಿ ಬರೆಯುತ್ತಿಲ್ಲ.

ಗಾಳಿಯ ಒತ್ತಡದಿಂದ ಎತ್ತರ ಹೇಳುವ ವಿಮಾನದ ಆಲ್ಟಿಮೀಟರಿಗೂ ಪರದೆಗೂ 300 ಅಡಿ ವ್ಯತ್ಯಾಸ ಇದೆ, ಆದ್ದರಿಂದ ಪರದೆ ಸುಳ್ಳು ಎಂಬ ವಾದ ಬಹಳ ನಡೆಯಿತು. ಉತ್ತರ ಥರ್ಮಾಮೀಟರಿನಲ್ಲಿತ್ತು. ನೆಲದ ಮೇಲೆ ಎರಡೂ ಕೂಡುತ್ತವೆ. ಐಎಸ್‌ಎಗಿಂತ (ಆಲ್ಟಿಮೀಟರ್ ಲೆಕ್ಕಕ್ಕೆ ಹಿಡಿಯುವ ಪ್ರಮಾಣ ವಾತಾವರಣ) 20 ಡಿಗ್ರಿ ಹೆಚ್ಚು ಬಿಸಿಯಿರುವ ಏಪ್ರಿಲ್ ಮಧ್ಯಾಹ್ನ ಏರುಪ್ಲೇನ್ ಮೈದಾನಕ್ಕಿಂತ 4,000 ಅಡಿ ಮೇಲೆ ಹೋದರೆ, ನಿಜವಾದ ಎತ್ತರ ಆಲ್ಟಿಮೀಟರ್ ತೋರಿಸುವುದಕ್ಕಿಂತ 280-300 ಅಡಿ ಹೆಚ್ಚೇ ಇರುತ್ತದೆ. ಏರಿದಂತೆ ಅಂತರ ಅದೇ ಅನುಪಾತದಲ್ಲಿ ಬೆಳೆದದ್ದನ್ನು ಲಾಗ್ ಫೈಲಿನಲ್ಲಿ ತೋರಿಸಿದ ಮೇಲೆ ವಾದ ಮುಗಿಯಿತು. ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಣ) ಆಲ್ಟಿಮೀಟರ್, ಗುಡ್ಡಕ್ಕೆ ಜಿಪಿಎಸ್. ಎರಡನ್ನೂ ಪರದೆಯಲ್ಲಿ ಬೇರೆ ಬೇರೆ ಬಣ್ಣದಲ್ಲಿ ಬರೆಸಿದ್ದೇನೆ.

ದಿಕ್ಕಿಗೆ ಮ್ಯಾಗ್ನೆಟೋಮೀಟರ್ (ಎಲೆಕ್ಟ್ರಾನಿಕ್ ದಿಕ್ಸೂಚಿ) ಬಿಟ್ಟುಬಿಡಿ, ಕಾಕ್‌ಪಿಟ್ಟಿನ ಕಬ್ಬಿಣ, ಸ್ಪೀಕರ್ ನಡುವೆ ಅದು ನಿಲ್ಲುವುದಿಲ್ಲ. ಜಿಪಿಎಸ್ ಟ್ರ್ಯಾಕ್ (ನೆಲದ ಮೇಲೆ ನಿಜವಾಗಿ ಸಾಗುವ ದಿಕ್ಕು) ಬಳಸಿದರೆ ಅಡ್ಡಗಾಳಿಯಲ್ಲಿ ಒಂದು ತೊಡಕು: 70 ನಾಟ್ ಅಪ್ರೋಚಿನಲ್ಲಿ 20 ನಾಟ್ ಅಡ್ಡಗಾಳಿ ಇದ್ದರೆ ರನ್‌ವೇ ಪರದೆಯ ನಡುವೆ ಇರುತ್ತದೆ, ಗಾಜಿನಲ್ಲಿ 16-17 ಡಿಗ್ರಿ ಬದಿಗೆ. ಪರದೆಯ ನಡುವಿನ ಗುರುತು ಮೂಗಲ್ಲ, ದಾರಿ ಎಂದು ಅಭ್ಯಾಸ ಆಗುವ ತನಕ ಜುಲೈ ಗಾಳಿಯಲ್ಲಿ ಇದನ್ನು ನೋಡುತ್ತ ಇಳಿಯಬೇಡಿ.

ರನ್‌ವೇ ಚಿತ್ರಕ್ಕೆ ಎಐಪಿಯಲ್ಲಿರುವ (ಅಧಿಕೃತ ವಿಮಾನಯಾನ ಮಾಹಿತಿ ಪುಸ್ತಕ) ಥ್ರೆಶೋಲ್ಡ್, ಅಂದರೆ ರನ್‌ವೇ ಶುರುವಾಗುವ ಗೆರೆಯ ನಿರ್ದೇಶಾಂಕ, ಎತ್ತರ ಬಳಸಿ. ಸಾಂಬ್ರಾದ 08/26, ಸುಮಾರು 2,300 ಮೀಟರ್. ಕೆಳಗಿನ ಭೂಎತ್ತರದಲ್ಲಿ ಎರಡು-ಮೂರು ಮೀಟರ್ ಉಬ್ಬುತಗ್ಗು ಇರುವುದರಿಂದ ಪಟ್ಟಿ ಅಲ್ಲಲ್ಲಿ ಮುಳುಗುತ್ತದೆ. ಎರಡು ಥ್ರೆಶೋಲ್ಡ್ ನಡುವೆ ನೆಲವನ್ನು ಸಪಾಟು ಮಾಡಿ, ಅಂಚಿನಿಂದ 300 ಮೀಟರಿನಲ್ಲಿ ನಿಧಾನವಾಗಿ ಮೂಲ ನೆಲಕ್ಕೆ ಸೇರಿಸಿ.

ಇದೇ ಆಪ್‌ನ ದಾರಿ ಪ್ಲಾನಿಂಗ್ ಭಾಗ ಸರಳ. ದಾರಿಯ ಎರಡೂ ಬದಿ 5 ನಾಟಿಕಲ್ ಮೈಲಿಯೊಳಗಿನ ಅತಿ ಎತ್ತರದ ಬಿಂದು ಹುಡುಕಿ, 1,000 ಅಡಿ ಸೇರಿಸಿ, ಪ್ರತಿ ಲೆಗ್‌ಗೆ (ದಾರಿಯ ಒಂದು ತುಂಡು) ಕನಿಷ್ಠ ಎತ್ತರ ಬರೆಯುತ್ತದೆ. ಸಾಂಬ್ರಾದಿಂದ ವಿಜಯಪುರದ ಮೇಲಕ್ಕೆ ನೇರ 85 ನಾಟಿಕಲ್ ಮೈಲಿ ಆಸುಪಾಸು. ಮಳೆಗಾಲದ 20 ನಾಟ್ ಪಶ್ಚಿಮ ಗಾಳಿಯಲ್ಲಿ ಅದೇ 90 ನಾಟ್ ವೇಗಕ್ಕೆ ಹೋಗಲು ಐವತ್ತು ನಿಮಿಷ ಸಾಕು, ಬರಲು ಒಂದು ತಾಸು ಹತ್ತು ನಿಮಿಷ ಬೇಕು. ಇಂಧನದ ಲೆಕ್ಕ ಬರುವ ದಾರಿಯಿಂದ ಶುರುವಾಗಬೇಕು. 35 ಡಿಗ್ರಿ ಬಿಸಿಲಲ್ಲಿ ಸಾಂಬ್ರಾದ ಡೆನ್ಸಿಟಿ ಆಲ್ಟಿಟ್ಯೂಡ್ (ಬಿಸಿಗೆ ತೆಳುವಾದ ಗಾಳಿ ಎಷ್ಟು ಎತ್ತರದ ಗಾಳಿಗೆ ಸಮ ಎಂಬ ಲೆಕ್ಕ) 5,400 ಅಡಿ ದಾಟುತ್ತದೆ. ಏರಿಕೆಯ ದರವನ್ನು ಅದಕ್ಕೆ ತಕ್ಕಂತೆ ಇಳಿಸದ ಪ್ಲಾನರ್ ಯಾವ ಉಪಯೋಗಕ್ಕೂ ಇಲ್ಲ. ಎಡಿಸಿ (ವಾಯುರಕ್ಷಣಾ ಅನುಮತಿ), ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರಿಗೆ ಖಾಲಿ ಚೌಕ ಇಟ್ಟಿದ್ದೇನೆ, ತುಂಬದೆ ಪ್ರಿಂಟ್ ಬರುವುದಿಲ್ಲ.

ಕರೆಂಟಿನ ವಿಷಯದಲ್ಲಿ ರೊಕ್ಕ ಉಳಿಸಬೇಡಿ. ಹೆಸರಿಲ್ಲದ ಕಾರ್ ಚಾರ್ಜರ್ ಹಾಕಿದರೆ ವೋಲ್ಟೇಜ್ 4.6ಕ್ಕೆ ಇಳಿದು ಪೈ ತಾನಾಗಿಯೇ ಮರುಶುರು ಆಗುತ್ತದೆ. ಜೊತೆಗೆ ರೇಡಿಯೋದಲ್ಲಿ ಕರಕರ ಸದ್ದು, ಸ್ಕ್ವೆಲ್ಚ್ (ಬರಿ ಸದ್ದನ್ನು ತಡೆಯುವ ಬಾಗಿಲು) ತೆರೆದೇ ಇರುತ್ತದೆ. ಒಳ್ಳೆಯ ಪವರ್ ಬ್ಯಾಂಕ್, ಗಿಡ್ಡ ದಪ್ಪ ಕೇಬಲ್, ಎರಡೂ ತುದಿಗೆ ರೇಡಿಯೋ ಸದ್ದು ತಡೆಯುವ ಫೆರೈಟ್ ಉಂಗುರ. ಪೈಗೆ 80 ಡಿಗ್ರಿಯಲ್ಲಿ ವೇಗ ಇಳಿಯುತ್ತದೆ, ವಿಜಯಪುರದ ಮೇ ಬಿಸಿಲಿಗೆ ಗಾಜಿನ ಕೆಳಗೆ ಅದು ಕ್ಷಣದ ಮಾತು. ಡಬ್ಬಿ ಸೀಟಿನ ಹಿಂದೆ ನೆರಳಲ್ಲಿರಲಿ, ಟ್ಯಾಬ್ಲೆಟ್ ಗಾಳಿ ಬರುವ ಕಿಂಡಿಯ ಎದುರಿಗಿರಲಿ.

ಈಗ ಕೈಯಲ್ಲಿರುವುದು ಅಡೆತಡೆಗಳ ಫೈಲ್. ಯಾವ ಭೂಎತ್ತರ ಡೇಟಾದಲ್ಲೂ ಸವದತ್ತಿ ಕಡೆಯ ಗಾಳಿಯಂತ್ರ ಇಲ್ಲ, ಮುಧೋಳ-ಜಮಖಂಡಿ ಸಕ್ಕರೆ ಕಾರ್ಖಾನೆಗಳ ಚಿಮಣಿ ಇಲ್ಲ, ಹೈಟೆನ್ಷನ್ ತಂತಿ ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಸಿಕ್ಕಷ್ಟು ತೆಗೆದು, ಉಳಿದದ್ದನ್ನು ಉಪಗ್ರಹ ಚಿತ್ರ ನೋಡಿ ಕೈಯಿಂದ ಸೇರಿಸಿದ್ದೇನೆ. ಎತ್ತರ ಗೊತ್ತಿಲ್ಲದ ಗಾಳಿಯಂತ್ರಕ್ಕೆಲ್ಲ 150 ಮೀಟರ್. ಗೋಳಗುಮ್ಮಟಕ್ಕೆ 51 ಮೀಟರ್ ಕೊಟ್ಟು ಗುರುತಾಗಿಯೂ ಇಟ್ಟಿದ್ದೇನೆ. ಕಬ್ಬಿನ ಹಂಗಾಮಿನ ಹೊಗೆ ಮಬ್ಬಿನಲ್ಲಿ ಅದು ಪರದೆಯ ಮೇಲೆ ಮೊದಲು ಕಾಣುತ್ತದೆ, ಕಣ್ಣಿಗೆ ಆಮೇಲೆ. ಎಐಆರ್‌ಎಸಿ (ಅಧಿಕೃತ ವಿಮಾನಯಾನ ಮಾಹಿತಿಯ ಸರದಿ) ಬದಲಾಗುವ 28 ದಿನಕ್ಕೊಮ್ಮೆ ಈ ಫೈಲನ್ನೂ ಹೊಸದಾಗಿ ಕಟ್ಟುತ್ತೇನೆ. ನರಗುಂದ, ರಾಮದುರ್ಗ, ಬಸವನ ಬಾಗೇವಾಡಿ ಕಡೆ ಹೊಸ ಗಾಳಿಯಂತ್ರ ಅಥವಾ ಟವರ್ ಎದ್ದದ್ದು ಕಂಡವರು ಜಾಗ ಮತ್ತು ಅಂದಾಜು ಎತ್ತರ ಕಳಿಸಿದರೆ, ಮುಂದಿನ ಫೈಲಿನಲ್ಲಿ ಸೇರಿಸಿ ಅವರಿಗೂ ಕೊಡುತ್ತೇನೆ.